ಹೆತ್ತೆ ಹಬ್ಬ: ಒಂದು ಪದ ಕಲಿಸಿದ ಪಾಠ

ಕೆಲವು ವರ್ಷಗಳ ಹಿಂದೆ, ನೀಲಗಿರಿಯ ಬಡಗ ಮನೆತನದ ವಿದ್ಯಾರ್ಥಿನಿಯೊಬ್ಬಳು ‘ನಮ್ಮೂರ ಹಬ್ಬ’ ಎಂಬ ಪ್ರಬಂಧದಲ್ಲಿ ತನ್ನ ಅಜ್ಜಿಯನ್ನು ‘ಹೆತ್ತೆ’ ಎಂದು ಕರೆದಿದ್ದಳು. ನಾನು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ‘ಅಜ್ಜಿ’ ಎಂದು ತಿದ್ದಿದೆ. ಅವಳು ಏನೂ ಹೇಳಲಿಲ್ಲ. ಆದರೆ ಮುಂದಿನ ಬರಹಗಳಲ್ಲಿ ಆ ಪದ ಮತ್ತೆ ಕಾಣಿಸಲಿಲ್ಲ. ತಿದ್ದಬೇಕಾದುದು ಅವಳ ಪದವನ್ನಲ್ಲ, ನನ್ನ ತಿಳಿವಳಿಕೆಯನ್ನು ಎಂಬುದು ತಡವಾಗಿ ಅರಿವಾಯಿತು. ಅದರ ಫಲವೇ ಈ ಪಾಠ.

ಮೊದಲು ಹಬ್ಬದ ಮಾತು. ಬಡಗರ ಮೂಲಮಾತೆಯೇ ಹೆತ್ತೆ. ಅವಳು ಒಂದು ಕಾಲದಲ್ಲಿ ಈ ಬೆಟ್ಟಗಳಲ್ಲಿ ಬಾಳಿದ ಹೆಣ್ಣು, ಬಳಿಕ ದೈವವಾದಳು ಎಂಬುದು ನಂಬಿಕೆ. ಕಥೆಯ ವಿವರಗಳು ಹಟ್ಟಿಯಿಂದ ಹಟ್ಟಿಗೆ ಬೇರೆಯಾಗುತ್ತವೆ. ಡಿಸೆಂಬರ್–ಜನವರಿಯ ಚಳಿಯಲ್ಲಿ, ಹುಣ್ಣಿಮೆಯ ನಂತರದ ಸೋಮವಾರ ಹಬ್ಬದ ಮುಖ್ಯ ದಿನ. ಕೋತಗಿರಿಯ ಬಳಿಯ ಬೇರಗಣಿ ಇದರ ಪ್ರಧಾನ ಕ್ಷೇತ್ರ. ಊರೂರುಗಳಿಂದ ಜನ ಬಿಳಿಯ ಉಡುಗೆಯುಟ್ಟು, ಗಂಡಸರು ಬಿಳಿಯ ರುಮಾಲು ಸುತ್ತಿ, ಕಾಣಿಕೆ ಹೊತ್ತು ಬರುತ್ತಾರೆ. ವಾದ್ಯಕ್ಕೆ ಹೆಜ್ಜೆ ಹಾಕಿ ಕುಣಿಯುತ್ತಾರೆ. ಅಂದು ನೀಲಗಿರಿ ಜಿಲ್ಲೆಗೆ ಸ್ಥಳೀಯ ರಜೆ ಘೋಷಿಸುವುದು ರೂಢಿ. ಬಂಗಾರದ ಆಡಂಬರಕ್ಕಿಂತ ಬಿಳಿಯ ಬಟ್ಟೆಯ ಸರಳತೆಯೇ ಈ ಹಬ್ಬದ ಮೈಬಣ್ಣ.

ಇನ್ನು ಪದದ ಮಾತು. ಹಳಗನ್ನಡದ ‘ಪೆತ್ತ’ ನಡುಗನ್ನಡಕ್ಕೆ ಬರುವಾಗ ‘ಹೆತ್ತ’ ಆಯಿತು, ‘ಪಬ್ಬ’ವು ‘ಹಬ್ಬ’ವಾಯಿತು. ಪದದ ಮೊದಲಲ್ಲಿರುವ ಪಕಾರವು ಹಕಾರವಾಗುವ ಈ ಮಾರ್ಪಾಡನ್ನು ನೀವು ತರಗತಿಯಲ್ಲಿ ಓದಿದ್ದೀರಿ. ತಮಿಳು ಇಂದಿಗೂ ‘ಪೆಟ್ರ’ ಎನ್ನುತ್ತದೆ. ‘ಹೆತ್ತೆ ಹಬ್ಬ’ ಎಂಬ ಎರಡು ಪದಗಳಲ್ಲಿ ಆ ಮಾರ್ಪಾಡು ಎರಡು ಬಾರಿ ಕಾಣುತ್ತದೆ. ‘ಬಡಗ’ ಎಂಬ ಹೆಸರೂ ಹಾಗೆಯೇ: ತಮಿಳಿನ ‘ವಡಕ್ಕು’ ಎಂಬಲ್ಲಿನ ವಕಾರಕ್ಕೆ ಕನ್ನಡದ ‘ಬಡಗಣ’ದಲ್ಲಿ ಬಕಾರ. ಬಡಗರೆಂದರೆ ಉತ್ತರದಿಂದ ಬಂದವರು. ಮೈಸೂರು ಸೀಮೆಯಿಂದ ಬೆಟ್ಟವೇರಿದ ನೆನಪನ್ನು ಅವರ ಕಥೆಗಳು ಉಳಿಸಿಕೊಂಡಿವೆ. 1603ರಲ್ಲಿ ಇಲ್ಲಿಗೆ ಬಂದ ಕ್ರೈಸ್ತ ಪಾದ್ರಿ ಫೆನಿಸಿಯೊ ಆಗಲೇ ಬಡಗರನ್ನು ಕಂಡು ಬರೆದಿದ್ದಾನೆ.

ಹಾಗಾದರೆ ಬಡಗ ನುಡಿ ಕನ್ನಡವೇ ಅಲ್ಲವೇ? ಜನಗಣತಿ ಅದನ್ನು ಕನ್ನಡದ ಅಡಿಯಲ್ಲಿಯೇ ಎಣಿಸುತ್ತದೆ. ಆದರೆ ಇಲ್ಲಿ ಅವಸರ ಸಲ್ಲದು. ಭಾಷಾವಿಜ್ಞಾನಿ ಎಮೆನೊ 1939ರಲ್ಲಿಯೇ ಬಡಗ ಸ್ವರಗಳನ್ನು ವಿವರಿಸಿ, ನಾಲಗೆಯನ್ನು ಹಿಂದಕ್ಕೆ ಮಡಿಸಿ ನುಡಿಯುವ ಸ್ವರಗಳು ಅದರಲ್ಲಿವೆ ಎಂದು ತೋರಿಸಿದರು. ಅಂಥ ಸ್ವರಗಳು ನಮ್ಮ ಕನ್ನಡದಲ್ಲಿಲ್ಲ. ಹಾಕಿಂಗ್ಸ್ ಮತ್ತು ಪಿಲೊ-ರೈಶೂರ್ ಅವರು ಸಿದ್ಧಪಡಿಸಿದ ಬಡಗ–ಇಂಗ್ಲಿಷ್ ನಿಘಂಟು 1992ರಲ್ಲಿ ಹೊರಬಂದಿತು. ತಮ್ಮದು ಸ್ವತಂತ್ರ ನುಡಿಯೆಂದು ಬಡಗರಲ್ಲಿ ಅನೇಕರು ಹೇಳುತ್ತಾರೆ. ಒಂದೇ ಬೇರಿನಿಂದ ಚಿಗುರಿದ ಮಾತ್ರಕ್ಕೆ ಒಂದು ಕೊಂಬೆ ಇನ್ನೊಂದರ ಸ್ವತ್ತಾಗುವುದಿಲ್ಲ.

ಮರಾಠಿ ಹಾಗೂ ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತವನಿಗೆ ಇದು ಹೊಳೆಯಬೇಕಿತ್ತು. ಕನ್ನಡದ ‘ಅಜ್ಜಿ’ಗೆ ಮರಾಠಿಯ ‘ಆಜಿ’ ನಂಟಸ್ತಿಕೆಯ ಪದ. ‘ಅಜ್ಜಿ’ಯ ಮೂಲವನ್ನು ಪ್ರಾಕೃತದಲ್ಲಿ ಗುರುತಿಸುವ ವಿದ್ವಾಂಸರುಂಟು. ಅಂದರೆ, ನಾನು ‘ಶುದ್ಧ ಕನ್ನಡ’ವೆಂದು ಬರೆದ ಪದಕ್ಕೆ ಹೊರಗಿನ ನಂಟಿತ್ತು, ಹೊಡೆದುಹಾಕಿದ ಪದ ನಮ್ಮ ಹಳಗನ್ನಡದ ಧಾತುವಿನ ಒಡಹುಟ್ಟು. ನಮ್ಮದಲ್ಲವೆಂದು ಅದನ್ನು ತಳ್ಳಿದ್ದು ಒಂದು ತಪ್ಪು. ಈಗ ಎಲ್ಲವೂ ನಮ್ಮದೇ ಎಂದು ಬಾಚಿಕೊಂಡರೆ ಅದು ಇನ್ನೊಂದು ತಪ್ಪು. ನೆರೆಯವರ ಹಬ್ಬಕ್ಕೆ ಹೋದಾಗ ನಾವು ಅತಿಥಿಗಳಾಗಿ ನಿಲ್ಲುತ್ತೇವೆ. ಅವರ ನುಡಿಯ ಮುಂದೆಯೂ ಹಾಗೆಯೇ ನಿಲ್ಲಬೇಕು.

ಅಭ್ಯಾಸ: ನಿಮ್ಮ ಮನೆಯ ಹಿರಿಯರು ಹಬ್ಬದಲ್ಲಿ ಬಳಸುವ, ಪಠ್ಯದಲ್ಲಿಲ್ಲದ ಹತ್ತು ಪದಗಳನ್ನು ಅವರ ಉಚ್ಚಾರಣೆಯಂತೆಯೇ ಬರೆದು ತನ್ನಿರಿ. ಈ ಬಾರಿ ಕೆಂಪು ಶಾಯಿ ಇರುವುದಿಲ್ಲ.