ಶಾಲೆಗೆ ಹೋಗಲಾಗದ ದಿನವೂ ಪಾಠ



ಮಳೆ ಹಿಡಿದು ಹೊಲಕ್ಕೆ ಇಳಿಯಲಾಗದ ದಿನ ನಾವು ಸುಮ್ಮನೆ ಕೂರುವುದಿಲ್ಲ. ಕೊಟ್ಟಿಗೆ ಸರಿಮಾಡುತ್ತೇವೆ, ಬಿತ್ತನೆ ಬೀಜ ಹಸನು ಮಾಡುತ್ತೇವೆ, ಗುದ್ದಲಿಗೆ ಹಿಡಿ ಹಾಕುತ್ತೇವೆ. ಆದರೆ ಮಗು ಶಾಲೆಗೆ ಹೋಗಲಾಗದ ದಿನ ಅದರ ಪಾಠ ಏನಾಗುತ್ತದೆ? ಈ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ.

ಪಾಠ ತಪ್ಪಲು ಕಾರಣಗಳು ಹಲವು. ಜ್ವರ ಬರಬಹುದು, ಮನೆಯಲ್ಲಿ ಮದುವೆ ಇರಬಹುದು, ರಾಗಿ ಕೊಯ್ಲಿನ ಸಮಯದಲ್ಲಿ ತಮ್ಮನನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯಬಹುದು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಳ್ಳಂದೂರು, ವರ್ತೂರು ಕಡೆಯ ರಸ್ತೆಗಳೇ ಕೆರೆಗಳಾದುದನ್ನು ನಾವು ಕಂಡಿದ್ದೇವೆ. ಎರಡು ದಿನ ತಪ್ಪಿದ ಲೆಕ್ಕದ ಪಾಠ ಮೂರನೆಯ ದಿನ ಅರ್ಥವಾಗುವುದಿಲ್ಲ. ಅರ್ಥವಾಗದ ಮಗು ಹಿಂದಿನ ಸಾಲಿಗೆ ಹೋಗುತ್ತದೆ. ಹಿಂದೆ ಬಿದ್ದ ಮಗು, ಅದರಲ್ಲೂ ಹೆಣ್ಣುಮಗು, ಕೊನೆಗೆ ಶಾಲೆಯನ್ನೇ ಬಿಟ್ಟೀತು. ನಷ್ಟ ಇಷ್ಟು ದೊಡ್ಡದು.

ಕೊರೋನಾ ಕಾಲದ ಅನುಭವ

2020ರ ಮಾರ್ಚಿಯಲ್ಲಿ ಕೊರೋನಾ ರೋಗದ ಕಾರಣ ಶಾಲೆಗಳು ಮುಚ್ಚಿದವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಸಣ್ಣ ಮಕ್ಕಳು ಮನೆಯಲ್ಲಿಯೇ ಇದ್ದರು.

ಆಗ ಸರ್ಕಾರ ಹಲವು ದಾರಿಗಳನ್ನು ಹಿಡಿಯಿತು. 2020ರ ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂದಿತು. ಉಪಾಧ್ಯಾಯರೇ ಊರಿಗೆ ಬಂದು ದೇವಸ್ಥಾನದ ಜಗಲಿ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಈ ಯೋಜನೆಯಲ್ಲಿ ಒಂದು ಜಾಣತನವಿತ್ತು. ಫೋನಿಲ್ಲದ ಮನೆ, ಸಾದಾ ಫೋನಿರುವ ಮನೆ, ಇಂಟರ್ನೆಟ್ ಇರುವ ಮನೆ ಎಂದು ಮಕ್ಕಳನ್ನು ಮೂರು ಗುಂಪು ಮಾಡಿ, ಆಯಾ ಗುಂಪಿಗೆ ತಕ್ಕಂತೆ ಪಾಠ ಮುಟ್ಟಿಸಬೇಕೆಂದು ಹೇಳಿತ್ತು. ಸೋಂಕಿನ ಭಯದಿಂದ ಅದೇ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿ, 2021ರ ಜನವರಿಯಲ್ಲಿ ಮತ್ತೆ ಆರಂಭಿಸಲಾಯಿತು.

ಟಿ.ವಿ. ಪಾಠಕ್ಕೆ ಒಂದು ಕೊರತೆ ಉಂಟು. ಗೊತ್ತಾದ ಹೊತ್ತಿಗೆ ಬರುತ್ತದೆ, ಆ ಹೊತ್ತಿಗೆ ಕರೆಂಟು ಹೋದರೆ ಪಾಠವೂ ಹೋಯಿತು. ವಾಟ್ಸಾಪ್ ಗುಂಪಿನ ಪಾಠಕ್ಕೆ ಮತ್ತೊಂದು ಕೊರತೆ. ಹಬ್ಬದ ಶುಭಾಶಯಗಳ ನಡುವೆ ಸೋಮವಾರದ ಪಾಠ ಗುರುವಾರದ ಹೊತ್ತಿಗೆ ಹೂತುಹೋಗಿರುತ್ತದೆ. ಬಂದ ಚಿತ್ರಗಳೆಲ್ಲ ಫೋನಿನಲ್ಲಿ ತುಂಬಿ, ಜಾಗವಿಲ್ಲವೆಂದು ಅಪ್ಪ ಅಳಿಸಿಬಿಡುತ್ತಾನೆ.

ತರಗತಿಯ ಜಾಲತಾಣ ಎಂದರೇನು?

ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಸೂಚನಾ ಫಲಕ ಇರುವುದಷ್ಟೆ. ಯಾರು ಯಾವಾಗ ಬಂದರೂ ಓದಬಹುದು. ತರಗತಿಯ ಜಾಲತಾಣವೂ ಅಂಥದೇ ಒಂದು ಫಲಕ. ಅದನ್ನು ಮನೆಯಲ್ಲಿ ಕುಳಿತು ಫೋನಿನಲ್ಲಿ ನೋಡಬಹುದು. ಹಾಕಿದ ಪಾಠ ಇಟ್ಟ ಜಾಗದಲ್ಲೇ ಇರುತ್ತದೆ. ಇಂದು ನೋಡಲಾಗದವರು ನಾಳೆ, ಅಥವಾ ಪರೀಕ್ಷೆಯ ಹಿಂದಿನ ದಿನ ನೋಡಬಹುದು.

ಇದಕ್ಕೆ ಹಣ ಬೇಕಿಲ್ಲ. ಗೂಗಲ್ ಸೈಟ್ಸ್‌ನಂಥ ಸೌಲಭ್ಯದಿಂದ ಉಪಾಧ್ಯಾಯರು ಪುಕ್ಕಟೆಯಾಗಿ ಇದನ್ನು ತಯಾರಿಸಬಹುದು. ತಯಾರಿಸಲು ಕಂಪ್ಯೂಟರ್ ಬೇಕು, ನೋಡಲು ಸ್ಮಾರ್ಟ್‌ಫೋನ್ ಸಾಕು.

ಪುಟದಲ್ಲಿ ಏನಿರಬೇಕು?

ವಾರಕ್ಕೆ ಒಂದು ಪುಟ ಸಾಕು. ಮೇಲೆ ತಾರೀಖು, ಅದರ ಕೆಳಗೆ ವಿಷಯವಾರು ನಾಲ್ಕು ಸಂಗತಿಗಳಿರಲಿ: ಪುಸ್ತಕದ ಎಷ್ಟನೆಯ ಪುಟದಿಂದ ಎಷ್ಟನೆಯ ಪುಟದವರೆಗೆ ಪಾಠವಾಯಿತು, ಮುಖ್ಯ ಅಂಶ ಯಾವುದು, ಒಂದು ಲೆಕ್ಕವನ್ನು ಹಂತಹಂತವಾಗಿ ಮಾಡಿ ತೋರಿಸಿದ ಮಾದರಿ, ಮನೆಯಲ್ಲಿ ಮಾಡಬೇಕಾದ ಕೆಲಸ. ಪಠ್ಯಪುಸ್ತಕವನ್ನೇ ಪುಟಕ್ಕೆ ಹಾಕಬೇಕಾಗಿಲ್ಲ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳು ಸಿಗುತ್ತವೆ. ಪುಸ್ತಕದಲ್ಲಿ ಅಚ್ಚಾದ ಚೌಕದ ಗುರುತನ್ನು ಫೋನಿಗೆ ತೋರಿಸಿದರೆ 'ದೀಕ್ಷಾ'ದ ಪಾಠಗಳು ತೆರೆಯುತ್ತವೆ.

ಇನ್ನು ಪುಟದ ತೂಕದ ಮಾತು. ಗಾಡಿಗೆ ಹೇರುವ ಮೂಟೆಯಂತೆ ಪುಟಕ್ಕೂ ತೂಕವಿದೆ, ಅದನ್ನು ಎಳೆಯುವುದು ನಿಮ್ಮ ಡೇಟಾ. ಫೋನಿನಲ್ಲಿ ತೆಗೆದ ಕರಿಹಲಗೆಯ ಒಂದು ಚಿತ್ರ ಸುಮಾರು 4 ಎಂ.ಬಿ. ಇರುತ್ತದೆ. ಅದನ್ನೇ ಕುಗ್ಗಿಸಿದರೆ 200 ಕೆ.ಬಿ.ಗೆ ಇಳಿಯುತ್ತದೆ, ಅಕ್ಷರಗಳು ಸ್ಪಷ್ಟವಾಗಿಯೇ ಕಾಣುತ್ತವೆ. ಒಂದು ಚಿತ್ರದ ತೂಕದಲ್ಲಿ ಇಪ್ಪತ್ತು ಚಿತ್ರ ಬಂದಂತಾಯಿತು. ಅರ್ಧ ಗಂಟೆಯ ವಿಡಿಯೋ ನೂರಾರು ಎಂ.ಬಿ. ತಿನ್ನುತ್ತದೆ. ಆದ್ದರಿಂದ ವಿಡಿಯೋ ಕಡಿಮೆ, ಬರಹ ಹೆಚ್ಚು ಇರಲಿ.

ಕನ್ನಡ ಬರಹಕ್ಕೆ ಒಂದು ಎಚ್ಚರಿಕೆ. ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ್ದನ್ನು ಹಾಗೆಯೇ ಅಂಟಿಸಿದರೆ ಫೋನಿನಲ್ಲಿ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ ಟೈಪು ಮಾಡಿದರೆ ಎಲ್ಲ ಫೋನುಗಳಲ್ಲೂ ಕನ್ನಡವೇ ಕಾಣುತ್ತದೆ.

ಓದಲು ಬಾರದ ತಾಯಿಯೂ ಮಗುವಿಗೆ ನೆರವಾಗಬೇಕಾದರೆ, ಎರಡು ನಿಮಿಷದ ಧ್ವನಿಮುದ್ರಣ ಹಾಕಬಹುದು. ಶಿವಾಜಿನಗರ, ಹಲಸೂರು ಕಡೆ ಉರ್ದು, ತಮಿಳು ಮನೆಮಾತಿನ ಮಕ್ಕಳು ಬಹಳ. ಕೆ.ಆರ್. ಪುರದ ಸುತ್ತಿನ ಹಳ್ಳಿಗಳಲ್ಲಿ ತೆಲುಗು ಮನೆಮಾತಿನವರೂ ಇದ್ದಾರೆ. ಕೇಳುವ ಮಾತು ಸರಳವಾಗಿದ್ದರೆ ಎಲ್ಲರಿಗೂ ಮುಟ್ಟುತ್ತದೆ.

ಮನೆಯವರು ಮಾಡಬೇಕಾದುದು

ಕಾಲುವೆ ತೋಡಿದ ಮಾತ್ರಕ್ಕೆ ಗದ್ದೆಗೆ ನೀರು ಬರುವುದಿಲ್ಲ, ಮಡೆ ತಿರುಗಿಸುವವರು ಬೇಕು. ಜಾಲತಾಣವೂ ತಾನಾಗಿ ಪಾಠ ಹೇಳುವುದಿಲ್ಲ. ಅದು ಪಾಠವನ್ನು ಕಳೆಯದಂತೆ ಕಾಯುತ್ತದೆ, ಅಷ್ಟೆ. ಉಳಿದ ಕೆಲಸ ಮೇಷ್ಟ್ರದು ಮತ್ತು ಮನೆಯವರದು.

ಮನೆಯ ಫೋನು ಸಾಮಾನ್ಯವಾಗಿ ಯಜಮಾನನ ಜೇಬಿನಲ್ಲಿರುತ್ತದೆ. ಮಗ ಕೇಳಿದರೆ ಸಿಗುತ್ತದೆ, ಮಗಳಿಗೆ ಕೇಳಲು ಸಂಕೋಚ. ಆದ್ದರಿಂದ ಸಂಜೆ ಹಾಲು ಡೈರಿಗೆ ಹಾಕಿ ಬಂದ ಮೇಲೆ ಅರ್ಧ ಗಂಟೆ ಫೋನು ಮಕ್ಕಳದೆಂದು ಗೊತ್ತುಮಾಡಿ. ಇಬ್ಬರು ಮಕ್ಕಳಿದ್ದರೆ ಸಮನಾಗಿ ಹಂಚಿ. ಮಗು ಪುಟದಲ್ಲಿರುವುದನ್ನು ನೋಟುಪುಸ್ತಕಕ್ಕೆ ಬರೆದುಕೊಳ್ಳಲಿ. ಬರೆದುಕೊಂಡ ಮೇಲೆ ಫೋನಿನ ಅಗತ್ಯವಿಲ್ಲ. ನಿಮಗೆ ಪಾಠ ತಿಳಿಯದಿದ್ದರೂ ಚಿಂತೆಯಿಲ್ಲ. "ಇವತ್ತು ಏನು ಬರೆದೆ, ತೋರಿಸವ್ವ" ಎಂದು ಕೇಳಿ. ಈ ಒಂದು ಮಾತು ಬಹಳ ಕೆಲಸ ಮಾಡುತ್ತದೆ. ಮಗುವಿಗೆ ತಿಳಿಯದ ಲೆಕ್ಕಕ್ಕೆ ಗುರುತು ಹಾಕಿಸಿ, ಮೇಷ್ಟ್ರಿಗೆ ತೋರಿಸಲು ಹೇಳಿ. ಮೇಷ್ಟ್ರು ಅದಕ್ಕೆ ಉತ್ತರ ಕೊಡದಿದ್ದರೆ ಎಂಥ ಜಾಲತಾಣವೂ ವ್ಯರ್ಥ.

ಫೋನಿಲ್ಲದ ಮನೆಯ ಮಗು

ಇಂಥ ಮಗುವನ್ನು ಬಿಟ್ಟು ನಡೆಯುವ ಏರ್ಪಾಡು ಒಳ್ಳೆಯದಲ್ಲ. ವಾರದ ಪುಟವನ್ನು ಒಂದೇ ಹಾಳೆಯಲ್ಲಿ ಅಚ್ಚು ಮಾಡಿ, ಅಥವಾ ಕೈಯಲ್ಲಿ ಬರೆದು, ಶಾಲೆಯ ಗೋಡೆಗೂ ಹಾಲಿನ ಡೈರಿಯ ಗೋಡೆಗೂ ಅಂಟಿಸಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರ ನವೆಂಬರ್‌ನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳನ್ನು ಪುಕ್ಕಟೆಯಾಗಿ ಅಲ್ಲಿಯ ಸದಸ್ಯರನ್ನಾಗಿ ಮಾಡಿಕೊಂಡಿತು. ಕಂಪ್ಯೂಟರ್ ಇರುವ ಕೇಂದ್ರದಲ್ಲಿ ತರಗತಿಯ ಪುಟವನ್ನು ತೆರೆದು ತೋರಿಸಲು ಕೇಳಿ. ನೆರೆಮನೆಯ ಮಗುವನ್ನು ನಿಮ್ಮ ಮಗುವಿನ ಜೊತೆ ಕೂರಿಸಿದರೂ ಸಾಕು, ಇಬ್ಬರೂ ಚೆನ್ನಾಗಿ ಕಲಿಯುತ್ತಾರೆ.

ಎಚ್ಚರಿಕೆ

ಸೂಚನಾ ಫಲಕವನ್ನು ದಾರಿಹೋಕರೂ ಓದುತ್ತಾರೆ. ಆದ್ದರಿಂದ ಪುಟದಲ್ಲಿ ಮಕ್ಕಳ ಹೆಸರು, ಭಾವಚಿತ್ರ, ಅಂಕಗಳು, ಫೋನ್ ನಂಬರು ಹಾಕಬಾರದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ವಿವರ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ತರಗತಿಯ ಪುಟ ನೋಡಲು ಹಣ, ಓ.ಟಿ.ಪಿ., ಬ್ಯಾಂಕಿನ ವಿವರ ಏನೂ ಬೇಕಿಲ್ಲ. ಯಾರಾದರೂ ಕೇಳಿದರೆ ಅದು ಮೋಸವೆಂದು ತಿಳಿಯಿರಿ.

ಚರ್ಚೆಗೆ ಪ್ರಶ್ನೆಗಳು

ಮುಂದಿನ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಇವುಗಳನ್ನು ಕೇಳಿ ಚರ್ಚಿಸಿ:

1. ನಮ್ಮ ಊರಿನಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮನೆಗಳು ಎಷ್ಟು? ಅಲ್ಲಿ ಓದುವ ಮಕ್ಕಳು ಯಾರು?

2. ಕಳೆದ ತಿಂಗಳು ಮೂರು ದಿನಕ್ಕಿಂತ ಹೆಚ್ಚು ಶಾಲೆ ತಪ್ಪಿದ ಮಕ್ಕಳಿಗೆ ಆ ಪಾಠ ಹೇಗೆ ಸಿಕ್ಕಿತು?

3. ವಾರದ ಪುಟ ಯಾವ ದಿನ ಸಿದ್ಧವಾಗಬೇಕು? ಅದನ್ನು ಅಚ್ಚು ಮಾಡಿ ಗೋಡೆಗೆ ಅಂಟಿಸುವವರು ಯಾರು?

4. ಸಂಜೆಯ ಅರ್ಧ ಗಂಟೆ ಫೋನನ್ನು ಮಕ್ಕಳಿಗೆ ಬಿಡಲು ಎಷ್ಟು ಮನೆಯವರು ಒಪ್ಪುತ್ತೀರಿ?

ಮೊದಲು ಒಂದೇ ತರಗತಿಯಲ್ಲಿ, ಒಂದೇ ವಿಷಯದಲ್ಲಿ ಆರಂಭಿಸಿ. ಒಂದು ಮಡಿಯಲ್ಲಿ ಸಸಿ ಚೆನ್ನಾಗಿ ಬಂದರೆ ಹೊಲಕ್ಕೆಲ್ಲ ನಾಟಿ ಮಾಡುವುದು ಕಷ್ಟವಲ್ಲ.