ಕಯೋಟಿಯೂ ಬೇಟೆಯ ಮೃಗಗಳೂ

ಉತ್ತರ ಅಮೆರಿಕದ ಬಯಲುಗಳಲ್ಲಿಯೂ ಮರುಭೂಮಿಗಳಲ್ಲಿಯೂ ವಾಸಿಸತಕ್ಕ ಕಯೋಟಿಯು ತೋಳಕ್ಕಿಂತ ಚಿಕ್ಕದು, ನಮ್ಮ ಗುಳ್ಳೆನರಿಗಿಂತ ತುಸು ದೊಡ್ಡದು. 1823ರಲ್ಲಿ ಥಾಮಸ್ ಸೇ ಎಂಬ ವಿಜ್ಞಾನಿಯು ಇದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಬೊಗಳುವ ನಾಯಿ’ ಎಂಬರ್ಥದ ಹೆಸರನ್ನಿಟ್ಟನು. ಜಿಂಕೆಗಳು ಕಡಮೆಯಾದಾಗಲೆಲ್ಲ ಅಲ್ಲಿಯ ಅನೇಕ ಬೇಟೆಗಾರರು ಮೊದಲು ದೂರುವುದು ಈ ಪ್ರಾಣಿಯನ್ನೇ. ಆ ದೂರು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಇದರ ಸ್ವಭಾವವನ್ನು ನೋಡೋಣ. ಗಂಡುಹೆಣ್ಣುಗಳು ಜೋಡಿಯಾಗಿ ಒಂದು ಸೀಮೆಯನ್ನು ಕಾಯ್ದುಕೊಂಡು ಬಾಳುತ್ತವೆ. ಸುಮಾರು 63 ದಿನಗಳ ಗರ್ಭದ ಬಳಿಕ ಸಾಮಾನ್ಯವಾಗಿ ಐದಾರು ಮರಿಗಳು ಹುಟ್ಟುತ್ತವೆ. ಇಲಿ, ಮೊಲ, ಮಿಡತೆ, ಹಣ್ಣು, ಸತ್ತ ಪ್ರಾಣಿಯ ಮಾಂಸ, ಎಲ್ಲವೂ ಇದಕ್ಕೆ ಆಹಾರವೇ. ಬೆಳೆದ ಜಿಂಕೆಯನ್ನು ಕೆಡಹುವುದು ಅಪರೂಪ. ಹುಟ್ಟಿ ಕೆಲವೇ ವಾರಗಳಾದ ಜಿಂಕೆಮರಿಗಳನ್ನು ಮಾತ್ರ ಇದು ಹುಡುಕಿ ತಿನ್ನುತ್ತದೆ. ದೂರಿಗೆ ಆಧಾರ ಇರುವುದು ಇಲ್ಲಿಯೇ.

ನಮ್ಮ ಮನೆತನದವರು ಕುರಿ ಕಾಯುವವರು. ಮರಿಯೊಂದು ತೋಳದ ಪಾಲಾದರೆ ಆಗುವ ನಷ್ಟ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಆದರೆ ಸಾಕಿದ ಹಿಂಡಿನ ಲೆಕ್ಕ ಬೇರೆ, ಕಾಡಿನ ಹಿಂಡಿನ ಲೆಕ್ಕ ಬೇರೆ. ಕುರಿಮರಿಗೆ ನಾವು ಮೇವನ್ನೂ ನೆರಳನ್ನೂ ಒದಗಿಸುತ್ತೇವೆ. ಕಾಡಿನ ಮರಿಗೆ ಒದಗಿಸುವವರಾರು? ಕಯೋಟಿಯಿಂದ ಪಾರಾದ ಮರಿಯು ಚಳಿಗಾಲದ ಹಿಮದಲ್ಲಿ ಮೇವಿಲ್ಲದೆ ಸಾಯಬಹುದು. ಆದುದರಿಂದ ಎಷ್ಟು ಮರಿಗಳನ್ನು ತಿಂದಿತೆಂದು ಎಣಿಸಿದರೆ ಸಾಲದು. ತಿನ್ನದಿದ್ದರೆ ಎಷ್ಟು ಉಳಿಯುತ್ತಿದ್ದವೆಂದು ಕೇಳಬೇಕು.

ಐಡಹೋ ಸಂಸ್ಥಾನದಲ್ಲಿ 1997ರಿಂದ 2003ರವರೆಗೆ ಇದನ್ನೇ ಪರೀಕ್ಷಿಸಿದರು. ಕೆಲವು ಪ್ರದೇಶಗಳಲ್ಲಿ ಕಯೋಟಿಗಳನ್ನು ಕೊಂದು, ಕೆಲವೆಡೆ ಹಾಗೆಯೇ ಬಿಟ್ಟರು. ಕೊಂದ ಕಡೆಯಲ್ಲಿಯೂ ಮ್ಯೂಲ್ ಡಿಯರ್ ಎಂಬ ಜಿಂಕೆಯ ಸಂಖ್ಯೆ ಹೇಳಿಕೊಳ್ಳುವಷ್ಟು ಬೆಳೆಯಲಿಲ್ಲ. ಹವೆಯ ಪ್ರಭಾವವೇ ಮಿಗಿಲಾಗಿತ್ತು.

ಹಾಗೆಂದು ಕಯೋಟಿ ನಿರಪರಾಧಿಯೆಂದು ತೀರ್ಪು ಕೊಡಲಾಗದು. 1995–96ರಲ್ಲಿ ಯೆಲ್ಲೋಸ್ಟೋನ್ ವನಕ್ಕೆ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟರು. ತೋಳಗಳು ಸುತ್ತಲೂ ಹಬ್ಬಿ ಕಯೋಟಿಗಳನ್ನು ಕೊಂದವು, ಓಡಿಸಿದವು. ನೆರೆಯ ಗ್ರ್ಯಾಂಡ್ ಟೀಟನ್ ಸೀಮೆಯಲ್ಲಿ ಪ್ರಾಂಗ್‌ಹಾರ್ನ್ ಎಂಬ ಹುಲ್ಲೆಯಂಥ ಪ್ರಾಣಿಯ ಮರಿಗಳು, ತೋಳವಿಲ್ಲದೆಡೆಗಿಂತ ತೋಳವಿದ್ದೆಡೆ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಬದುಕಿದವು! ಅಷ್ಟು ಚಿಕ್ಕ ಮರಿ ತೋಳಕ್ಕೆ ಲಾಭದ ಬೇಟೆಯಲ್ಲ. ಕಯೋಟಿಗಾದರೋ ಅದು ಹಬ್ಬದೂಟ.

ಇನ್ನೊಂದು ವಿಚಿತ್ರವನ್ನು ಕೇಳಿರಿ. ಡಕೋಟಾ ಪ್ರಾಂತಗಳಲ್ಲಿ ಬಾತುಗಳ ಗೂಡುಗಳನ್ನು ಪರಿಶೀಲಿಸಿದಾಗ, ಕೆಂಪುನರಿ ಮೇಲಾದ ಕಡೆ ನೂರಕ್ಕೆ 17 ಗೂಡುಗಳೂ ಕಯೋಟಿ ಮೇಲಾದ ಕಡೆ ನೂರಕ್ಕೆ 32 ಗೂಡುಗಳೂ ಫಲಿಸಿದ್ದುವೆಂದು 1995ರಲ್ಲಿ ಪ್ರಕಟವಾಯಿತು. ನರಿಯನ್ನು ಕಯೋಟಿ ದೂರವಿಡುವುದೇ ಇದಕ್ಕೆ ಕಾರಣ. ಹುಲ್ಲೆಗೆ ತೋಳ ಮಾಡಿದ ಉಪಕಾರವನ್ನೇ ಬಾತಿಗೆ ಕಯೋಟಿ ಮಾಡಿತು.

ಅಮೆರಿಕದ ಸರಕಾರವು ದಶಕಗಳ ಕಾಲ ಕಯೋಟಿಗೆ ವಿಷವಿಟ್ಟು, 1972ರಲ್ಲಿ ತನ್ನ ಭೂಮಿಯಲ್ಲಿ ಅದನ್ನು ನಿಲ್ಲಿಸಿತು. ಅಷ್ಟರಲ್ಲಿ ತೋಳ ಬಹುತೇಕ ಅಳಿದಿತ್ತು, ಕಯೋಟಿಯೋ ಖಂಡದುದ್ದಕ್ಕೂ ಹಬ್ಬುತ್ತಿತ್ತು. ಒಂದು ಪ್ರಾಣಿಯನ್ನು ಕೊಲ್ಲುವ ಮೊದಲು ಅದು ಯಾರನ್ನು ತಿನ್ನುತ್ತದೆ ಎಂಬುದರ ಜೊತೆಗೆ ಯಾರನ್ನು ತಡೆಯುತ್ತದೆ ಎಂಬುದನ್ನೂ ತಿಳಿಯಬೇಕೆಂಬುದೇ ಇದರಿಂದ ನಾನು ಕಲಿತ ಪಾಠ.