ರೋಗ, ಮದ್ದು, ಶುಶ್ರೂಷೆ: ಕೆಲವು ಶಬ್ದಗಳ ವಿಚಾರ

‘ರುಜ್’ ಧಾತುವಿಗೆ ಮುರಿಯುವುದೆಂದರ್ಥ. ದೇಹವನ್ನು ಮುರಿಯುವುದರಿಂದ ಅದು ರೋಗ. ಮೈಯನ್ನು ಹಿಡಿದದ್ದು ವ್ಯಾಧಿ, ಮನಸ್ಸನ್ನು ಹಿಡಿದದ್ದು ಆಧಿ. ಹಳ್ಳಿಗರ ‘ಬೇನೆ’ ಅಚ್ಚಗನ್ನಡವೆಂದು ತೋರಿದರೂ ‘ವೇದನಾ’ ಶಬ್ದದ ತದ್ಭವ. ‘ಜಡ್ಡು’ ಎಂಬುದು ‘ಜಾಡ್ಯ’ದಿಂದ ಬಂದದ್ದು.

ಚಿಕಿತ್ಸೆ, ಶುಶ್ರೂಷೆ ಎಂಬೆರಡೂ ‘ಸನ್’ ಪ್ರತ್ಯಯಾಂತಗಳು. ‘ಕಿತ್’ ಧಾತುವಿನಿಂದಾದ ಮೊದಲನೆಯದಕ್ಕೆ ವ್ಯಾಧಿಯ ಪ್ರತೀಕಾರವೆಂದರ್ಥ. ‘ಶ್ರು’ ಧಾತುವಿನಿಂದಾದ ಎರಡನೆಯದಕ್ಕೆ ಕೇಳುವ ಇಚ್ಛೆಯೆಂದರ್ಥ. ರೋಗಿಯ ಮಾತಿಗೆ ಕಿವಿಗೊಡದವನು ಎಷ್ಟು ಬಾರಿ ಹಾಸಿಗೆ ಹಾಸಿದರೂ ಶಬ್ದಶಾಸ್ತ್ರದ ಪ್ರಕಾರ ಅವನದು ಶುಶ್ರೂಷೆಯಲ್ಲ.

ಕನ್ನಡದ ‘ಮದ್ದು’ ವಿಚಿತ್ರವಾದ ಶಬ್ದ. ಅದು ಔಷಧವೂ ಹೌದು, ಶ್ರೀರಂಗಪಟ್ಟಣದ ಮದ್ದಿನ ಮನೆಗಳಲ್ಲಿ ತುಂಬಿಡುತ್ತಿದ್ದ ಸಿಡಿಮದ್ದೂ ಹೌದು. ‘ಮದ್ದು ಹಾಕಿದರು’ ಎಂದರೆ ವಿಷವೂ ಹೌದು. ಗುಣ ಮಾಡುವುದೂ ಕೊಲ್ಲುವುದೂ ಒಂದೇ ಹೆಸರಿನಲ್ಲಿರುವಾಗ ಅಳತೆಯೇ ಮುಖ್ಯ. ವೈದ್ಯರು ‘ಒಂದು ಚಮಚ’ ಎಂದರೆ 5 ಮಿಲಿಲೀಟರು. ಅಡುಗೆಮನೆಯ ದೊಡ್ಡ ಚಮಚದಲ್ಲಿ 15 ಮಿಲಿಲೀಟರು ಹಿಡಿಯಬಹುದು. ಕೂಸಿಗೆ ಮೂರು ಪಾಲು ಮದ್ದು ಇಳಿದಂತಾಯಿತು. ಸೀಸೆಯೊಡನೆ ಬರುವ ಅಳತೆಯ ಮುಚ್ಚಳವನ್ನು ಎಸೆಯಬಾರದು.

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಪರ್ಯಾಯಪದಗಳು ಹೊಸತಲ್ಲ. ಔಷಧದ ಅಂಗಡಿಯಲ್ಲಿಯೂ ಅವು ಬೇಕಾದಷ್ಟಿವೆ. ಪ್ಯಾರಸಿಟಮಾಲ್ ಎಂಬ ಒಂದೇ ಔಷಧವು ಹತ್ತಾರು ವ್ಯಾಪಾರನಾಮಗಳಲ್ಲಿ ಮಾರಾಟವಾಗುತ್ತದೆ. ಜ್ವರಕ್ಕೊಂದು, ನೆಗಡಿಗೊಂದು ಎಂದು ಎರಡು ಹೆಸರಿನ ಗುಳಿಗೆಗಳನ್ನು ನುಂಗಿದವನು ಒಂದೇ ಮದ್ದನ್ನು ಇಮ್ಮಡಿ ಸೇವಿಸಿರಬಹುದು; ಪ್ರಮಾಣ ಮೀರಿದರೆ ಯಕೃತ್ತಿಗೆ ಹಾನಿ. ವ್ಯಾಪಾರನಾಮದ ಬಳಿ ಸಣ್ಣಕ್ಷರದಲ್ಲಿರುವ ಮೂಲನಾಮವನ್ನೇ ಓದಬೇಕು. ಇನ್ನು ‘ನನಗೆ ಬಿ.ಪಿ. ಇದೆ’ ಎನ್ನುವವರಿಗೆ ಏನು ಹೇಳೋಣ! ರಕ್ತದೊತ್ತಡವಿಲ್ಲದ ಜೀವವುಂಟೆ? ಅಧಿಕವೋ ಕಡಿಮೆಯೋ ಎಂಬುದನ್ನು ಹೇಳಬೇಕಾದದ್ದು.

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ದ್ರವ್ಯ, ಉಪಚಾರಕ, ರೋಗಿ. ರೋಗಿಗೂ ನಾಲ್ಕು ಗುಣಗಳಿರಬೇಕು. ಸ್ಮೃತಿ, ಹೇಳಿದಂತೆ ನಡೆಯುವಿಕೆ, ನಿರ್ಭಯತೆ ಇವು ಮೂರು. ನಾಲ್ಕನೆಯದು ಜ್ಞಾಪಕತ್ವ, ಎಂದರೆ ತನ್ನ ಬೇನೆಯನ್ನು ತಿಳಿಯಹೇಳುವ ಶಕ್ತಿ. ಭಾಷೆಯ ಅಧ್ಯಾಪಕರಾದ ನಮ್ಮ ಪಾಲಿಗೆ ಬಂದಿರುವುದು ಈ ನಾಲ್ಕನೆಯದು. ತಾಯಿತಂದೆಗಳನ್ನು ಬಿಟ್ಟು ಪ್ರಸಾದನಿಲಯದಲ್ಲಿರುವ ಹುಡುಗನು ನಡುರಾತ್ರಿ ‘ಆರಾಮಿಲ್ಲ’ ಎಂದಷ್ಟೇ ಹೇಳಿದರೆ ಮೇಲ್ವಿಚಾರಕರು ಏನು ಮಾಡಿಯಾರು? ನೋವು ಎಲ್ಲಿ, ಎಂದಿನಿಂದ, ಈಗಾಗಲೇ ಯಾವ ಮದ್ದು ತೆಗೆದುಕೊಂಡನು, ಹಿಂದೆ ಯಾವುದು ಮೈಗೆ ಒಗ್ಗಲಿಲ್ಲ ಎಂಬುದನ್ನು ಹೇಳಲು ಅವನಿಗೆ ಬರಬೇಕು. ದೊಡ್ಡವರೂ ಈ ವಿಷಯದಲ್ಲಿ ಹಿಂದೆಯೇ. ಎದೆಯ ನೋವನ್ನು ‘ಗ್ಯಾಸ್’ ಎಂದು ಕರೆದು ಅಮೂಲ್ಯವಾದ ವೇಳೆಯನ್ನು ಕಳೆಯುವವರು ಊರೂರಿಗೂ ಇದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಿಂದ ಸೆಪ್ಟೆಂಬರ್ 17ನ್ನು ರೋಗಿಸುರಕ್ಷತಾ ದಿನವಾಗಿ ಆಚರಿಸುತ್ತಿದೆ. ಅಂದು ವ್ಯಾಕರಣದ ಒಂದು ಅವಧಿಯನ್ನು ಬಿಟ್ಟುಕೊಟ್ಟು, ಮಕ್ಕಳು ಮನೆಯಿಂದ ತಂದ ಖಾಲಿ ಔಷಧದ ಪೊಟ್ಟಣಗಳ ಮೂಲನಾಮ, ಪ್ರಮಾಣ, ಅವಧಿ ಮುಗಿಯುವ ದಿನಾಂಕಗಳನ್ನು ಗಟ್ಟಿಯಾಗಿ ಓದಿಸಬಹುದು.